ಸಭೆಗೆ ಬಾರದವರ ಕುರ್ಚಿ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ಕ್ರಾಸ್ ದಾಟಿದರೆ ಕಮಲಾಪುರ ಬರುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು. ಈ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಕೆಲವು ವರ್ಷಗಳ ಹಿಂದೆ ಕಂಡ ಹಾಜರಾತಿ ಪುಸ್ತಕ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಉದ್ದನೆಯ ರಿಜಿಸ್ಟರು, ಹರಿದ ರಟ್ಟಿಗೆ ಟೇಪು ಅಂಟಿಸಿತ್ತು. ಹನ್ನೊಂದು ಗಂಟೆಗೆ ಸಾಮಾನ್ಯ ಸಭೆ ಎಂದು ನೋಟಿಸು ಹೋಗಿತ್ತು. ಹನ್ನೆರಡೂವರೆಯಾದರೂ ಬಂದವರು ಐದೇ ಮಂದಿ. ಊಟದ ಹೊತ್ತು ಕಳೆದ ಮೇಲೆ ವಾಟರ್‌ಮನ್ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬೈಕ್ ಹತ್ತಿದ. ಒಂದು ಮನೆಯ ಬಾಗಿಲಲ್ಲಿ ನಿಂತು, "ಅಕ್ಕೋರ, ಸಹಿ ಮಾಡ್ರಿ, ಮೀಟಿಂಗ್ ಮುಗದದ" ಅಂದ. ರೊಟ್ಟಿ ಬಡಿಯುತ್ತಿದ್ದ ಸದಸ್ಯೆ ಕೈ ಒರೆಸಿಕೊಂಡು ಬಂದು, ಅವನು ಬೆರಳಿಟ್ಟು ತೋರಿಸಿದ ಗೆರೆಯ ಮೇಲೆ ಸಹಿ ಮಾಡಿದರು. ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಅವರಿಗೆ ಯಾರೂ ಓದಿ ಹೇಳಲಿಲ್ಲ. ಸಂಜೆಯ ಹೊತ್ತಿಗೆ ಪುಸ್ತಕದಲ್ಲಿ ಸಭೆ ತುಂಬಿತ್ತು.

ಹುದ್ದೆ ಒಬ್ಬರದು, ಕೆಲಸ ಇನ್ನೊಬ್ಬರದು ಎನ್ನುವುದು ನಮ್ಮ ಭಾಗಕ್ಕೆ ಹೊಸದಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಊರಿನ ಆಡಳಿತವೆಂದರೆ ಮಾಲಿ ಪಟೇಲ, ಪೊಲೀಸ್ ಪಟೇಲ, ಪಟ್ವಾರಿ. ಕಂದಾಯ ಎತ್ತುವುದು ಒಬ್ಬರ ಕೆಲಸ, ಊರ ಕಾವಲು ಇನ್ನೊಬ್ಬರದು, ಲೆಕ್ಕ ಬರೆಯುವುದು ಮತ್ತೊಬ್ಬರದು. ಮೂರೂ ವಂಶದ ಹಕ್ಕು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಹಕ್ಕುದಾರ ಚಿಕ್ಕವನಾಗಿದ್ದರೆ, ಊರು ಬಿಟ್ಟು ಪಟ್ಟಣ ಸೇರಿದ್ದರೆ, ಅವನ ಹೆಸರಿನಲ್ಲಿ ಗುಮಾಸ್ತೆ ದಫ್ತರ ನೋಡುತ್ತಿದ್ದ. ರೈತ ಬಾಗುತ್ತಿದ್ದದ್ದು ಗುಮಾಸ್ತೆಯ ಮುಂದೆ. ತಪ್ಪಾದರೆ ಯಾರನ್ನು ಕೇಳಬೇಕು? ಹುದ್ದೆಯವನು ಊರಲ್ಲಿಲ್ಲ, ಊರಲ್ಲಿದ್ದವನಿಗೆ ಹುದ್ದೆಯಿಲ್ಲ.

ಇದನ್ನು ಬೇರುಸಹಿತ ಕಿತ್ತದ್ದು ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. 1961ರಲ್ಲಿ ಬಂದ ಈ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಯಾಯಿತು. ಯಾರು ಕೆಲಸ ಮಾಡುತ್ತಾರೆ, ಯಾರು ಮಾಡುವುದಿಲ್ಲ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತ ಕೂರದೆ ವಂಶದ ಹಕ್ಕನ್ನೇ ತೆಗೆದುಹಾಕಿತು. ಸಂಬಳದ ನೌಕರ ಬಂದ, ವರ್ಗಾವಣೆ ಬಂತು. ಮಾಲಿಪಾಟೀಲ, ಪೊಲೀಸ್‌ಪಾಟೀಲ, ಕುಲಕರ್ಣಿ ಎಂಬ ಹೆಸರುಗಳು ಮಾತ್ರ ಮನೆತನದ ಗುರುತಾಗಿ ಉಳಿದವು. ಕಲಬುರಗಿಯ ಯಾವ ಶಾಲೆಯ ಹಾಜರಿ ಕೂಗಿದರೂ ಇವುಗಳಲ್ಲಿ ಒಂದು ಕಿವಿಗೆ ಬೀಳುತ್ತದೆ.

ಚುನಾಯಿತರ ವಿಷಯದಲ್ಲಿ ದಾರಿ ಬೇರೆ. ಜನ ಕೂರಿಸಿದವರನ್ನು ಏಳಿಸುವುದು ಸುಲಭವಾಗಿರಬಾರದು, ಅಸಾಧ್ಯವೂ ಆಗಬಾರದು. ಸಂಸತ್ತಿಗೆ ಸಂವಿಧಾನದ 101ನೇ ವಿಧಿ, ವಿಧಾನಮಂಡಲಕ್ಕೆ 190ನೇ ವಿಧಿ ಒಂದೇ ಮಾತು ಹೇಳುತ್ತವೆ: ಸದನದ ಅನುಮತಿಯಿಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಆ ಸ್ಥಾನ ತೆರವೆಂದು ಸದನ ಘೋಷಿಸಬಹುದು. 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಂದ ನಿಯಮವಿದು. ಅಧಿವೇಶನ ಮುಗಿದ ಮೇಲಿನ ದಿನಗಳನ್ನಾಗಲಿ, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಕಾಲ ಸದನ ಮುಂದೂಡಿದ ದಿನಗಳನ್ನಾಗಲಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಾಗಾಗಿ ಈ ನಿಯಮದಡಿ ಸ್ಥಾನ ಕಳೆದುಕೊಂಡವರು ತೀರ ವಿರಳ. ಪಂಜಾಬಿನಿಂದ ರಾಜ್ಯಸಭೆಗೆ ಹೋಗಿದ್ದ ಬರ್ಜಿಂದರ್ ಸಿಂಗ್ ಹಮ್‌ದರ್ದ್ ಅವರ ಸ್ಥಾನ 2000ದಲ್ಲಿ ಹೀಗೆ ತೆರವಾಯಿತು.

ಹಳ್ಳಿಯ ಮಟ್ಟದಲ್ಲಿ ಈ ವಿಚಾರ ಹೆಚ್ಚು ಜೀವಂತವಾಗಿದೆ. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೇ ಬಂದ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿ ಎರಡು ತಿಂಗಳಿಗೊಮ್ಮೆಯಾದರೂ ಸಭೆ ಸೇರಲೇಬೇಕು. ಅಧ್ಯಕ್ಷರು ಕರ್ತವ್ಯದಲ್ಲಿ ಪದೇಪದೇ ಅಲಕ್ಷ್ಯ ತೋರಿದರೆ, ಅವರ ಅಹವಾಲು ಕೇಳಿದ ಬಳಿಕ ಸರ್ಕಾರ ಅವರನ್ನು ತೆಗೆಯಬಹುದು. ಇನ್ನೊಂದು ದಾರಿ ಸದಸ್ಯರ ಕೈಯಲ್ಲೇ ಇದೆ, ಅದು ಅವಿಶ್ವಾಸ. ಅದರ ಕ್ರಮವನ್ನು 1994ರ ನಿಯಮಗಳು ಕಟ್ಟುನಿಟ್ಟಾಗಿ ಹೇಳಿವೆ. ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಸಹಿ ಮಾಡಬೇಕು. ಸಹಿ ಮಾಡಿದವರಲ್ಲಿ ಇಬ್ಬರು ಖುದ್ದಾಗಿ ಹೋಗಿ ಸಹಾಯಕ ಆಯುಕ್ತರ ಕೈಗೆ ನೋಟಿಸು ಕೊಡಬೇಕು. ಆಯುಕ್ತರು 30 ದಿನದೊಳಗೆ ಪಂಚಾಯಿತಿ ಕಚೇರಿಯಲ್ಲೇ ಸಭೆ ಕರೆಯಬೇಕು, ಸದಸ್ಯರಿಗೆ ಪೂರ್ತಿ 15 ದಿನ ಮುಂಚೆ ತಿಳಿಸಬೇಕು. ಗೊತ್ತುವಳಿ ಗೆಲ್ಲಲು ಒಟ್ಟು ಸದಸ್ಯರ ಮೂರನೇ ಎರಡರಷ್ಟು ಮತ ಬೇಕು. ನಮ್ಮಲ್ಲಿ "ಎಸಿ ಸಾಹೇಬ್ರ ಹತ್ರ ಹೋಗ್ಯಾರ" ಎಂದರೆ ಇಡೀ ಊರಿಗೆ ಅರ್ಥವಾಗುತ್ತದೆ. ನೋಟಿಸು ಹದಿನೈದು ದಿನಕ್ಕೆ ಒಂದು ದಿನ ಕಡಿಮೆಯಾಯಿತು, ಸಹಿ ಹೊಂದಲಿಲ್ಲ ಎಂಬ ತಕರಾರುಗಳು ಹೈಕೋರ್ಟಿನವರೆಗೂ ಹೋಗುತ್ತವೆ. ಮೊದಲು ಅದಕ್ಕೂ ಬೆಂಗಳೂರಿಗೆ ಓಡಬೇಕಿತ್ತು. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠ ಶುರುವಾಗಿ 2013ರಲ್ಲಿ ಕಾಯಂ ಆದ ಮೇಲೆ ಆ ಓಡಾಟ ತಪ್ಪಿತು.

ಇಷ್ಟೊಂದು ಕ್ರಮ ಯಾಕೆ ಎಂದು ಕೆಲವರು ಬೇಸರಪಡುತ್ತಾರೆ. ರೊಟ್ಟಿ ಬಿಟ್ಟು ಎದ್ದುಬಂದ ಆ ಸದಸ್ಯೆಯನ್ನು ನೆನೆದಾಗ ನನಗೆ ಆ ಬೇಸರ ಹುಟ್ಟುವುದಿಲ್ಲ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆದರೆ ಎಷ್ಟೋ ಕಡೆ ಸಭೆಗೆ ಹೋಗುವವನು ಗಂಡ, ಮಾತಾಡುವವನು ಮೈದುನ. ಹಳೆಯ ಗುಮಾಸ್ತೆಯೇ ಬೇರೆ ವೇಷದಲ್ಲಿ ಮರಳಿದ್ದಾನೆ. ಹಾಜರಾತಿ ನೋಡಿ ಆಕೆಯನ್ನು ಕಿತ್ತುಹಾಕಿದರೆ ಶಿಕ್ಷೆಯಾಗುವುದು ಆಕೆಗೆ, ಅವಳನ್ನು ಮನೆಯಲ್ಲಿ ಕೂರಿಸಿದವರಿಗಲ್ಲ. ನೀನು ಯಾಕೆ ಬರಲಿಲ್ಲ ತಾಯಿ ಎಂದು ಮೊದಲು ಅವಳನ್ನೇ ಕೇಳಬೇಕು. ಅಹವಾಲು ಕೇಳಬೇಕೆಂಬ ಮಾತಿನ ಬೆಲೆ ಇರುವುದು ಇಲ್ಲಿ.

ಕೇಳದೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆ ಕಂಡಿದೆ. ಕಮಲಾಪುರದ ನೆರೆಯ ಚಿಂಚೋಳಿಯವರು ವೀರೇಂದ್ರ ಪಾಟೀಲರು. ಅವರ ನಾಯಕತ್ವದಲ್ಲಿ 1989ರ ಚುನಾವಣೆಯಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು, ಅವರು ಮುಖ್ಯಮಂತ್ರಿಯಾದರು. ಮಾರನೆಯ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. 1990ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದು ಹೋದ ರಾಜೀವ್ ಗಾಂಧಿ ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾವಣೆಯ ಮಾತಾಡಿದರು. ಶಾಸಕಾಂಗ ಪಕ್ಷ ಅದಕ್ಕೆ ಮೊದಲು ಸೇರಿ ತೀರ್ಮಾನಿಸಿರಲಿಲ್ಲ. ಒಂದು ವಾರ ರಾಷ್ಟ್ರಪತಿ ಆಡಳಿತ ಬಂತು, ಅಕ್ಟೋಬರ್ 17ರಂದು ಬಂಗಾರಪ್ಪ ಪ್ರಮಾಣವಚನ ಸ್ವೀಕರಿಸಿದರು. 1994ರಲ್ಲಿ ಅದೇ ಪಕ್ಷ 34 ಸ್ಥಾನಕ್ಕೆ ಇಳಿಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಕಲಬುರಗಿಯ ಹಿರಿಯರು ಈ ಕಥೆ ಹೇಳುವಾಗ ಇಂದಿಗೂ ದನಿ ತಗ್ಗಿಸುತ್ತಾರೆ. ಹಾಸಿಗೆ ಹಿಡಿದವರಿಗೆ ವಿಶ್ರಾಂತಿ ಕೊಡುವುದು ತಪ್ಪಲ್ಲ, ಕೊಟ್ಟ ರೀತಿ ತಪ್ಪು.

ಸದಸ್ಯ ಸಭೆಗೆ ಬರದಿದ್ದರೆ ಏನು ಮಾಡಬೇಕೆಂದು ಕಾನೂನಿದೆ. ಸಭೆಯೇ ಇಲ್ಲದಿದ್ದರೆ? ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರಿನಲ್ಲಿ ಮತದಾನವಾಯಿತು. ಯಾರಿಗೂ ಬಹುಮತ ಬರಲಿಲ್ಲ, ತಕರಾರು ಕೋರ್ಟಿನ ಮೆಟ್ಟಿಲೇರಿತು, ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ. ಒಂದೂವರೆ ವರ್ಷ ಗೆದ್ದವರಿದ್ದರು, ಕುರ್ಚಿಗಳಿದ್ದವು, ಕೂರಲು ಬರುತ್ತಿರಲಿಲ್ಲ. ಚರಂಡಿ ತುಂಬಿತು ಎಂದು ದೂರು ಹೊತ್ತು ಹೋದವರಿಗೆ ಸಿಕ್ಕವರು ಅಧಿಕಾರಿಗಳೇ.

ಕಮಲಾಪುರದ್ದು ಇನ್ನೂ ನೋವಿನ ಮಾತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕಮಲಾಪುರವೆಂಬ ವಿಧಾನಸಭಾ ಕ್ಷೇತ್ರ ಇಲ್ಲವಾಯಿತು. ಹತ್ತು ವರ್ಷದ ಬಳಿಕ 2018ರಲ್ಲಿ ತಾಲ್ಲೂಕಿನ ಪಟ್ಟ ಸಿಕ್ಕಿತು. ಆದರೆ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಸಾರ್ವತ್ರಿಕ ಚುನಾವಣೆ ನಡೆದದ್ದು 2016ರಲ್ಲಿ. ಅವುಗಳ ಅವಧಿ 2021ಕ್ಕೆ ಮುಗಿಯಿತು, ಆಡಳಿತಾಧಿಕಾರಿಗಳು ಬಂದರು. ಅವಧಿ ಐದೇ ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಮುಗಿಯಬೇಕು ಎಂದು ಸಂವಿಧಾನದ 243-ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಮೂರು ಸಭೆ ತಪ್ಪಿಸಿದ ಕೂಲಿಕಾರ ಸದಸ್ಯನನ್ನು ಪ್ರಶ್ನಿಸುವ ನಾವು, ವರ್ಷಗಟ್ಟಲೆ ಚುನಾವಣೆ ತಪ್ಪಿಸಿದವರನ್ನೂ ಅಷ್ಟೇ ಗಟ್ಟಿಯಾಗಿ ಪ್ರಶ್ನಿಸಬೇಕು.

ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನ ಪಂಚಾಯಿತಿಯ ಹಾಜರಾತಿ ಮತ್ತು ನಡಾವಳಿ ಪುಸ್ತಕದ ಪ್ರತಿ ಕೇಳಿರಿ. ಸುಮ್ಮನೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ, ಅದರ ಶುಲ್ಕ 10 ರೂಪಾಯಿ. ಸಹಿ ಯಾರದು, ಅಂದು ಕುರ್ಚಿಯಲ್ಲಿ ಕೂತಿದ್ದವರು ಯಾರು ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಹೋಗುವಾಗ ಮನೆಯಲ್ಲಿ ಕೂತ ಸದಸ್ಯೆಯನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.