ದನದ ಕೊಟ್ಟಿಗೆಯಲ್ಲಿ ಶುರುವಾದ ಕೆಸರಿನ ಲೆಕ್ಕ

ಇಳಿತದ ಹೊತ್ತಿನಲ್ಲಿ ಅಳಿವೆಯ ಕೆಸರಿಗೆ ಕಾಲಿಟ್ಟವರು ಆ ವಾಸನೆಯನ್ನು ಮರೆಯುವುದಿಲ್ಲ. ಕೊಳೆತ ಮೊಟ್ಟೆಯಂಥ ಗಂಧಕದ ಘಾಟು, ಮೊಣಕಾಲಿನವರೆಗೂ ಹೂತುಹೋಗುವ ಕಪ್ಪು ರಾಡಿ, ಕಾಲು ಕಿತ್ತರೆ ಪಚಕ್ಕೆನ್ನುವ ಸದ್ದು. ಕುಮಟಾ ಕಡೆಯ ಹೆಂಗಸರು ಇದೇ ರಾಡಿಯಲ್ಲಿ ಬಗ್ಗಿ ಬಳಚು ಆರಿಸಿ ಮನೆ ನಡೆಸುತ್ತಾರೆ. ದಾರಿಹೋಕರು ಮೂಗು ಮುಚ್ಚಿಕೊಂಡು ‘ಪಾಳುಬಿದ್ದ ಜಾಗ’ ಎಂದು ಮುಂದೆ ಹೋಗುತ್ತಾರೆ.

ಇಪ್ಪತ್ತನೇ ಶತಮಾನದ ನಡುವಿನವರೆಗೂ ಅಮೆರಿಕದವರ ಮಾತೂ ಇದೇ ಆಗಿತ್ತು. ಸಮುದ್ರದಂಚಿನ ಉಪ್ಪುಜವುಗು ಎಂದರೆ ಸೊಳ್ಳೆಯ ತವರು. ಮಣ್ಣು ತುಂಬಿ ಏನನ್ನಾದರೂ ಕಟ್ಟಿಕೊಳ್ಳಲು ಬಿಟ್ಟಿಯಾಗಿ ಸಿಕ್ಕ ಬಯಲು. ಆ ಮಾತು ಬದಲಾಗಿದ್ದರಲ್ಲಿ ಜಾರ್ಜಿಯಾ ರಾಜ್ಯದ ಸಪೆಲೊ ಎಂಬ ದ್ವೀಪದ ಪಾತ್ರ ದೊಡ್ಡದು. ಅದರ ಕಥೆ ಶುರುವಾಗುವುದು ಒಂದು ದನದ ಕೊಟ್ಟಿಗೆಯಿಂದ.

ತಂಬಾಕಿನ ಶ್ರೀಮಂತ ಮನೆತನದ ಆರ್. ಜೆ. ರೆನಾಲ್ಡ್ಸ್ ಜೂನಿಯರ್ 1934ರಲ್ಲಿ ಸಪೆಲೊವನ್ನು ಕೊಂಡರು. ಅಲ್ಲಿ ಅವರ ಬಂಗಲೆ, ಹೈನುಗಾರಿಕೆ ಎಲ್ಲ ಇದ್ದವು. ಸಂಶೋಧನೆಗೆ ಜಾಗ ಕೊಡುವಂತೆ ಜಾರ್ಜಿಯಾ ವಿಶ್ವವಿದ್ಯಾಲಯದ ಯೂಜೀನ್ ಓಡಮ್ ಮತ್ತು ಸಂಗಡಿಗರು ಅವರನ್ನು ಒಪ್ಪಿಸಿದರು. 1953ರಲ್ಲಿ ಹೈನಿನ ಕಟ್ಟಡಗಳೇ ಕಡಲ ಸಂಶೋಧನಾಲಯವಾದವು. ಪರಿಸರ ವಿಜ್ಞಾನದ ಮೊದಲ ದೊಡ್ಡ ಪಠ್ಯಪುಸ್ತಕ ಎನಿಸಿದ ಓಡಮ್ ಅವರ ‘ಫಂಡಮೆಂಟಲ್ಸ್ ಆಫ್ ಇಕಾಲಜಿ’ ಹೊರಬಂದದ್ದೂ ಅದೇ ವರ್ಷ.

ವಿಜ್ಞಾನಿಗಳು ಬರುವ ಎಷ್ಟೋ ಮೊದಲಿನಿಂದ ಆ ದ್ವೀಪದಲ್ಲಿ ಜನರಿದ್ದರು. ತೋಟಗಳಲ್ಲಿ ದುಡಿಸಲು ಗುಲಾಮರನ್ನಾಗಿ ತಂದ ಆಫ್ರಿಕನ್ನರ ಸಂತತಿಯವರು, ಗೀಚೀ ಜನ. ಬಲೆ ಹೆಣೆಯುತ್ತ, ಏಡಿ ಹಿಡಿಯುತ್ತ, ಉಬ್ಬರ ಇಳಿತಗಳ ಜೊತೆಗೇ ದಿನ ನಡೆಸಿದವರು. ದ್ವೀಪದ ಹಲವೆಡೆ ಇದ್ದ ಅವರ ಹಟ್ಟಿಗಳನ್ನು ರೆನಾಲ್ಡ್ಸ್ ಕಾಲದಲ್ಲಿ ಹಾಗ್ ಹ್ಯಾಮಕ್ ಎಂಬ ಒಂದೇ ಕೇರಿಗೆ ಒತ್ತರಿಸಲಾಯಿತು. ವಿಜ್ಞಾನದ ಚರಿತ್ರೆ ಬರೆಯುವಾಗ ಈ ಮಾತು ಬಿಟ್ಟುಹೋಗಬಾರದು.

ಸಪೆಲೊದ ಜವುಗಿನಲ್ಲಿ ಕಣ್ಣು ಹಾಯುವಷ್ಟು ದೂರ ಸ್ಪಾರ್ಟಿನಾ ಎಂಬ ಒಂದೇ ಜಾತಿಯ ಹುಲ್ಲು, ತೆನೆ ಹೊರಟ ಗದ್ದೆಯಂತೆ. ದಿನಕ್ಕೆ ಎರಡು ಸಲ ಉಬ್ಬರದ ನೀರು ಎರಡು ಮೀಟರಿಗೂ ಮೇಲೆ ಏರಿ, ತೋಡುಗಳಲ್ಲಿ ನುಗ್ಗಿ, ಹುಲ್ಲಿನ ಬುಡ ತೊಳೆದು ಹಿಂದಿರುಗುತ್ತದೆ. ಗೊಬ್ಬರ ಹಾಕುವವರಿಲ್ಲ, ಉಳುವವರಿಲ್ಲ. ಆದರೂ ಇಷ್ಟು ಹುಲುಸು. ಈ ಬೆಳೆಯನ್ನು ಉಣ್ಣುವವರು ಯಾರು?

1955ರಲ್ಲಿ ದ್ವೀಪಕ್ಕೆ ಬಂದು, ಹೆಂಡತಿ ಮಿಲ್ಡ್ರೆಡ್ ಜೊತೆ ಅಲ್ಲೇ ನೆಲೆಸಿದ ಜಾನ್ ಟೀಲ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಕೆಸರಿನ ಏಡಿಗಳು, ಹುಳುಗಳು, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಎಷ್ಟು ಉಸಿರಾಡುತ್ತವೆ ಎಂದು ಅಳೆದರು. ಉಸಿರಿನ ಲೆಕ್ಕ ಸಿಕ್ಕರೆ ಊಟದ ಲೆಕ್ಕವೂ ಸಿಗುತ್ತದೆ. ಮಿಡತೆಗಳ ಪಾಲು ಎಷ್ಟು ಎಂಬುದನ್ನು ಸಹೋದ್ಯೋಗಿ ಆಲ್‌ಫ್ರೆಡ್ ಸ್ಮಾಲಿ ನೋಡಿದ್ದರು. ಹಸಿ ಹುಲ್ಲನ್ನು ತಿನ್ನುವವರು ತೀರಾ ಕಡಿಮೆ. ಹೆಚ್ಚಿನದು ಒಣಗಿ, ಕೊಳೆತು, ಚೂರಾಗುತ್ತದೆ. 1962ರ ಪ್ರಬಂಧದಲ್ಲಿ ಟೀಲ್ ಜಮಾದಿಂದ ಖರ್ಚು ಕಳೆದರು. ಉಳಿದ ಬಾಕಿ ಶೇ 45. ಅದನ್ನು ಸಮುದ್ರದ ಖಾತೆಗೆ ಬರೆದರು: ಬೆಳೆಯ ಹತ್ತಿರ ಹತ್ತಿರ ಅರ್ಧದಷ್ಟನ್ನು ಇಳಿತದ ನೀರು ಹೊತ್ತೊಯ್ದು ಅಳಿವೆಯ ಸಿಗಡಿ, ಏಡಿ, ಮೀನುಗಳಿಗೆ ಉಣಿಸುತ್ತದೆ.

ಓಡಮ್ ಈ ಲೆಕ್ಕಕ್ಕೆ 1968ರಲ್ಲಿ ‘ಔಟ್‌ವೆಲಿಂಗ್’ ಎಂದು ಹೆಸರಿಟ್ಟರು. ಸಮುದ್ರದಾಳದ ಸಾರ ಮೇಲೆದ್ದು ಬರುವುದು ಒಂದು ಬಗೆಯಾದರೆ, ದಡದ ಸಾರ ಹೊರಕ್ಕೆ ಉಕ್ಕಿ ಕಡಲಿಗೆ ಹೋಗುವುದು ಇನ್ನೊಂದು. ಅದೇ ಹೊತ್ತಿಗೆ ಅವರ ಮಗ ವಿಲಿಯಂ ಓಡಮ್, ಎರಿಕ್ ಹೀಲ್ಡ್ ಜೊತೆ ಫ್ಲಾರಿಡಾದಲ್ಲಿ ಮ್ಯಾಂಗ್ರೋವ್ (ಕಾಂಡ್ಲಾ) ಎಲೆಗಳ ಬೆನ್ನು ಹತ್ತಿದ್ದರು. ಉದುರಿದ ಎಲೆ ನೀರಿನಲ್ಲಿ ಕೊಳೆತು, ಸಣ್ಣ ಜೀವಿಗಳ ಹೊಟ್ಟೆ ಸೇರಿ, ಅಲ್ಲಿಂದ ದೊಡ್ಡ ಮೀನುಗಳವರೆಗೆ ಹೋಗುವ ದಾರಿಯನ್ನು ತೋರಿಸಿದರು. ನಮ್ಮ ಕರಾವಳಿಯ ಕಾಂಡ್ಲಾ ಗಿಡಗಳ ವಿಷಯದಲ್ಲಿ, 2024ರಲ್ಲಿ ಜಗತ್ತಿನ ಮುಖ್ಯ ಜವುಗುಗಳ ರಾಮ್ಸರ್ ಪಟ್ಟಿ ಸೇರಿದ 4,801 ಹೆಕ್ಟೇರಿನ ಅಘನಾಶಿನಿ ಅಳಿವೆಯ ವಿಷಯದಲ್ಲಿ ‘ಎಲೆ ಉದುರಿದರೆ ಮೀನಿಗೆ ಊಟ’ ಎಂದು ನಾವು ಆಡುವ ಮಾತಿನ ಒಂದು ಬೇರು ಅಲ್ಲಿದೆ.

ಲೆಕ್ಕ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. 1968ರಲ್ಲಿ ಕೆರ್-ಮಗೀ ಎಂಬ ಕಂಪನಿ ಜಾರ್ಜಿಯಾ ತೀರದಲ್ಲಿ ಫಾಸ್ಫೇಟ್ ಗಣಿ ತೋಡಲು ಗುತ್ತಿಗೆ ಕೇಳಿತು. ಜನ ಎದ್ದು ನಿಂತರು. ಜವುಗಿನಿಂದ ಏನು ಪ್ರಯೋಜನ ಎಂದು ಕೇಳಿದವರಿಗೆ ಕೊಡಲು ಈಗ ಉತ್ತರವಿತ್ತು. ಓಡಮ್ ಅದನ್ನು ಊರೂರಲ್ಲಿ ಹೇಳಿದರು. ಟೀಲ್ ದಂಪತಿ 1969ರಲ್ಲಿ ಉಪ್ಪುಜವುಗಿನ ಬದುಕು ಸಾವಿನ ಬಗ್ಗೆ ಜನಸಾಮಾನ್ಯರಿಗಾಗಿ ಪುಸ್ತಕ ಬರೆದರು. ಶಾಸಕ ರೀಡ್ ಹ್ಯಾರಿಸ್ ಮಂಡಿಸಿದ ಜವುಗು ರಕ್ಷಣಾ ಮಸೂದೆ 1970ರಲ್ಲಿ ಕಾಯ್ದೆಯಾಯಿತು. ಅಮೆರಿಕದ ಅಟ್ಲಾಂಟಿಕ್ ಕರೆಯಲ್ಲಿ ಉಳಿದಿರುವ ಉಪ್ಪುಜವುಗಿನ ಸುಮಾರು ಮೂರನೇ ಒಂದು ಪಾಲು ಇಂದು ಜಾರ್ಜಿಯಾದ ಪುಟ್ಟ ತೀರದಲ್ಲೇ ಇದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಪಠ್ಯಪುಸ್ತಕದ ಪಾಠವಾಗುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಭಾಗ.

ಟೀಲ್ ಆ ಶೇ 45ನ್ನು ತೋಡಿನ ನೀರಿನಲ್ಲಿ ಅಳೆದಿರಲಿಲ್ಲ; ಕಳೆದು ತೆಗೆದಿದ್ದರು. ನೀರಿನಲ್ಲೇ ಅಳೆಯುವುದು ಬಹಳ ಕಷ್ಟದ ಕೆಲಸ. ಒಳಬರುವ ನೀರೂ ಅಪಾರ, ಹೊರಹೋಗುವ ನೀರೂ ಅಪಾರ, ನಡುವಿನ ವ್ಯತ್ಯಾಸ ಚಿಟಿಕೆಯಷ್ಟು. ಲಾರಿ ತೂಗಿ ಅದರಲ್ಲಿನ ಒಂದು ನಿಂಬೆಹಣ್ಣಿನ ತೂಕ ಹೇಳಿದ ಹಾಗೆ. ರೋಡ್ ಐಲ್ಯಾಂಡಿನ ಸ್ಕಾಟ್ ನಿಕ್ಸನ್ 1980ರಲ್ಲಿ ಇಪ್ಪತ್ತು ವರ್ಷಗಳ ಅಳತೆಗಳನ್ನೆಲ್ಲ ಒಟ್ಟಿಗೆ ಹರಡಿ ನೋಡಿದರು. ಕೆಲವು ಜವುಗುಗಳು ಕಡಲಿಗೆ ಕೊಡುತ್ತಿದ್ದವು, ಕೆಲವು ಕಡಲಿನಿಂದಲೇ ಪಡೆಯುತ್ತಿದ್ದವು. ಎಲ್ಲಕ್ಕೂ ಒಂದೇ ನಿಯಮ ಹೇಳಲು ಆಧಾರ ಸಾಲದೆಂದು ಅವರು ಬರೆದರು.

ಅದಕ್ಕೂ ಮೊದಲೇ ಸಪೆಲೊದ ಒಳಗಿನಿಂದಲೇ ಸಂಶಯ ಎದ್ದಿತ್ತು. 1970ರ ದಶಕದ ನಡುವಿನಲ್ಲಿ ಎವೆಲಿನ್ ಹೇಯ್ನ್ಸ್ ಇಂಗಾಲದ ಗುರುತು ಹಿಡಿದು ಹೊರಟರು. ಗಿಡಗಳು ಗಾಳಿಯಿಂದ ಇಂಗಾಲ ಹೀರುವ ಬಗೆ ಬೇರೆ ಬೇರೆ. ನಮ್ಮ ರಾಗಿ, ಜೋಳ, ಕಬ್ಬಿನದು ಒಂದು ಬಗೆ. ಭತ್ತ, ಗೋಧಿಯದು ಇನ್ನೊಂದು. ಅದರಿಂದ ಭಾರದ ಇಂಗಾಲ, ಹಗುರ ಇಂಗಾಲಗಳ ಪ್ರಮಾಣ ಬದಲಾಗುತ್ತದೆ. ತಿಂದವರ ಮೈಯಲ್ಲೂ ಆ ಗುರುತು ಉಳಿಯುತ್ತದೆ. ಸ್ಪಾರ್ಟಿನಾ ರಾಗಿಯ ಗುಂಪಿನದು. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯ ಗುರುತು ಅದಕ್ಕಿಂತ ಬೇರೆ. ಅಳಿವೆಯ ನೀರಿನಲ್ಲಿ ತೇಲುವ ಚೂರುಗಳನ್ನು ಸೋಸಿ ನೋಡಿದಾಗ ಅವುಗಳ ಇಂಗಾಲ ಸ್ಪಾರ್ಟಿನಾದಂತೆ ಕಾಣಲಿಲ್ಲ. ತಾನು ಕೆಲಸ ಮಾಡುವ ಸಂಸ್ಥೆಗೆ ಹೆಸರು ತಂದ ಸಿದ್ಧಾಂತವನ್ನೇ ಪ್ರಶ್ನಿಸುವುದಕ್ಕೆ ಧೈರ್ಯ ಬೇಕು. ಹೇಯ್ನ್ಸ್ ಪ್ರಶ್ನಿಸಿದರು, ಅದು ಪ್ರಕಟವೂ ಆಯಿತು.

ಮುಂದೆ ಬ್ರೂಸ್ ಪೀಟರ್ಸನ್, ರಾಬರ್ಟ್ ಹೋವರ್ತ್ ಇಂಗಾಲದ ಜೊತೆ ಸಾರಜನಕ ಮತ್ತು ಗಂಧಕದ ಗುರುತನ್ನೂ ಸೇರಿಸಿದರು. ಆ ಕೊಳೆತ ಮೊಟ್ಟೆಯ ಘಾಟಿನ ಗಂಧಕವೇ ಸಾಕ್ಷಿ ಹೇಳಿತು. 1987ರ ಹೊತ್ತಿಗೆ ಕಂಡ ಚಿತ್ರ ಇದು: ಅಳಿವೆಯ ಜೀವಿಗಳು ಹುಲ್ಲಿನ ಕೊಳೆಯನ್ನೂ ಪಾಚಿಯನ್ನೂ ಬೆರೆಸಿ ಉಣ್ಣುತ್ತವೆ. ಇಳಿತದಲ್ಲಿ ಕೆಸರಿನ ಮೇಲೆ ಹೊಂಗಂದು ಬಣ್ಣದ ತೆಳುಪೊರೆ ಕಾಣುತ್ತದಲ್ಲ, ಉಗುರಿನಿಂದ ಕೆರೆದರೆ ಬರುವ ಆ ಪೊರೆಗೂ ಕೊನೆಗೆ ಖಾತೆಯಲ್ಲಿ ಜಾಗ ಸಿಕ್ಕಿತು.

ಹಾಗಾದರೆ ಅರ್ಧ ಸರಿಯಾದ ಲೆಕ್ಕದ ಮೇಲೆ ಕಾಯ್ದೆ ನಿಂತಿತೇ? ಒಂದರ್ಥದಲ್ಲಿ ಹೌದು. ನನಗೆ ಅದರಲ್ಲಿ ಲೋಪ ಕಾಣುವುದಿಲ್ಲ. ಪೂರ್ತಿ ತಿಳಿಯುವವರೆಗೆ ಕಾದಿದ್ದರೆ ಗಣಿ ಮೊದಲು ಬರುತ್ತಿತ್ತು, ತಿಳಿಯಲು ಜವುಗೇ ಉಳಿಯುತ್ತಿರಲಿಲ್ಲ. ಮರಿಮೀನುಗಳ ಆಸರೆ, ಬಿರುಗಾಳಿಯ ಅಲೆಗೆ ತಡೆ, ಮಣ್ಣಿನಲ್ಲಿ ಹುದುಗಿದ ಇಂಗಾಲ ಇವೆಲ್ಲದರ ಬೆಲೆ ಉಳಿದ ಜವುಗಿನಲ್ಲಿ ಅಳೆದು ತಿಳಿದದ್ದು.

ಟೀಲ್ ಅವರ ಲೆಕ್ಕದ ಇನ್ನೊಂದು ಕಲಮನ್ನು ತಿದ್ದಿದ್ದು ಹೆಬ್ಬೆರಳಿನ ತುದಿಯಷ್ಟಿರುವ ಒಂದು ಬಸವನಹುಳು. ಹಸಿ ಹುಲ್ಲನ್ನು ಯಾರೂ ಅಷ್ಟಾಗಿ ತಿನ್ನುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಬ್ರೌನ್ ವಿಶ್ವವಿದ್ಯಾಲಯದ ಬ್ರಯಾನ್ ಸಿಲಿಮನ್ ಮತ್ತು ಮಾರ್ಕ್ ಬರ್ಟ್‌ನೆಸ್ ಸಪೆಲೊದಲ್ಲಿ ಹುಲ್ಲಿನ ಸಣ್ಣ ಮಡಿಗಳಿಗೆ ಪಂಜರ ಹಾಕಿ, ಏಡಿಗಳು ಒಳಬಾರದಂತೆ ಮಾಡಿದರು. ಹುಳುಗಳನ್ನು ತಿನ್ನುವವರು ಒಳಗೆ ಇರಲಿಲ್ಲ. ಹುಳುಗಳು ದಟ್ಟವಾಗಿದ್ದಲ್ಲಿ ಎಂಟು ತಿಂಗಳೊಳಗೆ ಬರಿ ಕೆಸರು ಉಳಿಯಿತು. ಇದು 2002ರ ವರದಿ. ಮರುವರ್ಷ ಸಿಲಿಮನ್, ಸ್ಟೀವನ್ ನ್ಯೂವೆಲ್ ಜೊತೆ ಇನ್ನೂ ಹತ್ತಿರದಿಂದ ನೋಡಿದರು. ಹುಳು ಅರದಂಥ ನಾಲಿಗೆಯಿಂದ ಎಲೆಯ ಉದ್ದಕ್ಕೆ ಗೀರು ಹಾಕುತ್ತದೆ. ಗೀರಿನ ಮೇಲೆ ಹಿಕ್ಕೆ ಹಾಕುತ್ತದೆ. ಹಿಕ್ಕೆಯೇ ಬೀಜ, ಅದೇ ಗೊಬ್ಬರ. ಗಾಯದಲ್ಲಿ ಬೂಷ್ಟು ಬೆಳೆಯುತ್ತದೆ. ಹುಳು ಹಿಂದಿರುಗಿ ಬಂದು ಆ ಬೂಷ್ಟನ್ನು ಉಣ್ಣುತ್ತದೆ. ಹುತ್ತದೊಳಗೆ ಗೆದ್ದಲು ಅಣಬೆ ಬೆಳೆಸುವುದು ನಮಗೆ ಗೊತ್ತು. ಕೀಟಗಳ ಗುಂಪಿನಾಚೆ ಇಂಥ ಬೇಸಾಯ ಕಂಡದ್ದು ಅದೇ ಮೊದಲು.

ಉಬ್ಬರ ಏರತೊಡಗಿದರೆ ಈ ಹುಳುಗಳೆಲ್ಲ ದಂಟು ಹಿಡಿದು ಮೇಲೇರುತ್ತವೆ. ನೀರು ಮುಂದೆ, ನೀಲಿ ಏಡಿ ಅದರ ಹಿಂದೆ. ನೀರಿಗಿಂತ ಗೇಣು ಮೇಲೆ, ಗೀರಿದ ಎಲೆಗೆ ಅಂಟಿಕೊಂಡು, ಇಳಿತವಾಗುವವರೆಗೆ ಅವು ಅಲ್ಲೇ ಕೂತಿರುತ್ತವೆ.