ಭಾನುವಾರದ ಓಟ, ಭಾನುವಾರದ ಊಟ

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಬ್ರಹ್ಮಾವರದಿಂದ ಹೊರಟು ಕುಂದಾಪುರ ದಾಟಿ ಮರವಂತೆಯ ಕಡಲ ತೀರ ಮುಟ್ಟಿದರೆ ಹೆಚ್ಚುಕಡಿಮೆ ಅಷ್ಟು ದೂರ. ಇದಕ್ಕೆ ಹದಿನಾರರಿಂದ ಇಪ್ಪತ್ತು ವಾರಗಳ ತಯಾರಿ ಬೇಕು. ಆ ತಯಾರಿಯ ಬೆನ್ನೆಲುಬು ವಾರಕ್ಕೊಂದು ದೀರ್ಘ ಓಟ. 12-14 ಕಿ.ಮೀ.ಯಲ್ಲಿ ಶುರುವಾಗಿ 30-32ರ ತನಕ ಏರುವ ಈ ಓಟಕ್ಕೆ ಒಂದೂವರೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ. ನೌಕರಿ, ಅಂಗಡಿ ಎಂದು ವಾರವಿಡೀ ದುಡಿಯುವವರಿಗೆ ಅಷ್ಟು ಹೊತ್ತು ಸಿಗುವುದು ಭಾನುವಾರ ಮಾತ್ರ.

ಆದರೆ ಕರಾವಳಿಯ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳಲ್ಲಿ ಭಾನುವಾರ ಮೊದಲೇ ಭರ್ತಿ. ಮದುವೆ, ಮನೆ ಒಕ್ಕಲು, ಸತ್ಯನಾರಾಯಣ ಪೂಜೆ, ಕಂಬಳ, ಊರಿನ ಕ್ರಿಕೆಟ್ ಟೂರ್ನಮೆಂಟು ಒಂದು ಕಡೆ. ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಬೆಂಗಳೂರಿನಿಂದ ಬಂದು, ಭಾನುವಾರ ರಾತ್ರಿ ಮತ್ತೆ ಅದೇ ಬಸ್ಸಿಗೆ ಹೊರಡುವ ಮಗ-ಸೊಸೆ ಇನ್ನೊಂದು ಕಡೆ. ಇದರ ಮೇಲೆ ತೂಕ ಇಳಿಸುವ ಹಟವೂ ಸೇರಿದರೆ ಊಟದ ಬಾಳೆಲೆಯೇ ಮುನಿಸಿನ ಜಾಗವಾಗುತ್ತದೆ. ಓಡಲು ಹೋದವರು ಹತ್ತು ಗಂಟೆಗೆ ಬಂದು, ಮಧ್ಯಾಹ್ನ ಎಲ್ಲರೂ ಕೋಳಿ ತಾಳ್ಲಿಗೆ ಕೂತಾಗ ತಾವು ಸೌತೆಕಾಯಿ ಹೆಚ್ಚಿಕೊಂಡು ಕೂತರೆ, ಮನೆಯವರಿಗೆ ಅದು ಆರೋಗ್ಯದ ಕಾಳಜಿಯಾಗಿ ಕಾಣುವುದಿಲ್ಲ.

ಮ್ಯಾರಥಾನ್ ತಯಾರಿ ಮತ್ತು ತೂಕ ಇಳಿಕೆ ಎರಡು ಬೇರೆ ಕೆಲಸಗಳು. ಎರಡನ್ನೂ ಒಂದೇ ಕಾಲಕ್ಕೆ, ಅದರಲ್ಲೂ ವಾರದ ಒಂದೇ ರಜೆಯಲ್ಲಿ ಮುಗಿಸಲು ಹೊರಟಾಗಲೇ ಹೆಚ್ಚಿನ ತೊಂದರೆ. ಓಟದ ಶಕ್ತಿಯ ಲೆಕ್ಕ ಸುಲಭ: ದೇಹದ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ. 75 ಕಿಲೋ ತೂಗುವವರು 10 ಕಿ.ಮೀ. ಓಡಿದರೆ 750 ಕ್ಯಾಲೊರಿ ಖರ್ಚು. ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700. ಓಟವನ್ನೇ ನೆಚ್ಚಿದರೆ ಒಂದು ಕಿಲೋ ಇಳಿಸಲು ನೂರು ಕಿ.ಮೀ. ಓಡಬೇಕು, ಅದೂ ಊಟ ಒಂದು ತುತ್ತೂ ಹೆಚ್ಚದೆ. ಹಾಗೆ ಆಗುವುದು ಅಪರೂಪ. ದೀರ್ಘ ಓಟದ ನಂತರದ ಹಸಿವು ತಡವಾಗಿ ಬರುತ್ತದೆ, ಬಂದಾಗ ಜೋರಾಗಿಯೇ ಬರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ, 100 ಗ್ರಾಂ ತೆಂಗಿನ ತುರಿಯಲ್ಲಿ ಸುಮಾರು 350. ತೆಂಗಿಲ್ಲದೆ ಸಾರಿಲ್ಲ ಎನ್ನುವ ಅಡುಗೆಮನೆಯಲ್ಲಿ ಬೆಳಗಿನ ಓಟದ ಗಳಿಕೆ ಸಂಜೆಯೊಳಗೆ ಕೈಬಿಡುತ್ತದೆ. ದೇಹವೂ ತನ್ನದೇ ಜುಗ್ಗತನ ತೋರಿಸುತ್ತದೆ. ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ತಾಂಜಾನಿಯಾದ ಹಾಡ್ಜಾ ಬೇಟೆಗಾರರನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನವಿಡೀ ಅಲೆಯುವ ಅವರ ಒಟ್ಟು ಶಕ್ತಿವ್ಯಯ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ, ಕುರ್ಚಿಯಲ್ಲಿ ಕೂರುವ ಪಾಶ್ಚಾತ್ಯರದಕ್ಕಿಂತ ಹೆಚ್ಚೇನೂ ಇರಲಿಲ್ಲ. ತೂಕ ಇಳಿಯುವುದು ಮುಖ್ಯವಾಗಿ ವಾರದ ದಿನಗಳ ತಟ್ಟೆಯಿಂದ. ಅದನ್ನು ಇಳಿದಷ್ಟಕ್ಕೇ ನಿಲ್ಲಿಸಿಕೊಳ್ಳಲು ಓಟ ನೆರವಾಗುತ್ತದೆ.

ಅತ್ತ, ಕಡಿಮೆ ತಿಂದು ಹೆಚ್ಚು ಓಡುವುದಕ್ಕೂ ಅಪಾಯವಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜೆನ್ ರೂಪದಲ್ಲಿ ಸಂಗ್ರಹವಾಗಿರುವ ಶಕ್ತಿ ಸುಮಾರು 2,000 ಕ್ಯಾಲೊರಿ. 30 ಕಿ.ಮೀ. ಆಸುಪಾಸಿನಲ್ಲಿ ಅದು ಬರಿದಾದಾಗಲೇ ಕಾಲು ಸೋಲುವುದು. ಊಟ ಬಿಟ್ಟು ಓಡುವವರಿಗೆ ಈ ಸೋಲು ಇನ್ನೂ ಬೇಗ. ತಿಂಗಳುಗಟ್ಟಲೆ ಹೀಗೇ ನಡೆದರೆ ಮುಟ್ಟು ಏರುಪೇರಾಗುವುದು, ಮೂಳೆಯಲ್ಲಿ ಬಿರುಕು ಬಿಡುವುದು, ಪದೇಪದೇ ನೆಗಡಿ-ಜ್ವರ ಕಾಣಿಸಿಕೊಳ್ಳುವುದುಂಟು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಹೆಸರಿಟ್ಟು ಎಚ್ಚರಿಸಿತು. ತೂಕದ ಕಟ್ಟು ಇರುವುದು ಬೇರೆ ಆಟಗಳಲ್ಲಿ. ವಂಡ್ಸೆ ಭಾಗದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಬೆಳ್ಳಿ, 2022ರಲ್ಲಿ 61 ಕಿಲೋ ವಿಭಾಗದಲ್ಲಿ ಕಂಚು ಗೆದ್ದವರು. ಭಾರ ಎತ್ತುವವರಿಗೆ ತಕ್ಕಡಿಯ ಮುಳ್ಳು ನಿಯಮವೇ ಸರಿ. ಮ್ಯಾರಥಾನಿನಲ್ಲಿ ಯಾರೂ ಓಟಗಾರರನ್ನು ತೂಗಿ ಒಳಗೆ ಬಿಡುವುದಿಲ್ಲ. ಸ್ಪರ್ಧೆಯ ದಿನಕ್ಕೆ ಇಂತಿಷ್ಟೇ ಕಿಲೋ ಇರಬೇಕೆಂಬ ಗಡುವು ಓಟಗಾರರು ತಾವೇ ಹೇರಿಕೊಂಡದ್ದು.

ಹಾಗಾದರೆ ತೂಕಕ್ಕೆ ಯಾವ ಕಾಲ? ಉತ್ತರ ಊರಿನ ಪಂಚಾಂಗದಲ್ಲೇ ಇದೆ. ಮೇ ಕೊನೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ದಡ ಸೇರಿರುತ್ತವೆ, ಮೀನಿನ ದರ ಏರಿರುತ್ತದೆ. ಆಷಾಢದಲ್ಲಿ ಮದುವೆ-ಮುಂಜಿ ಇಲ್ಲ. ಅಂದರೆ ಹೊರಗಿನ ಊಟ ತಾನಾಗಿ ಕಡಿಮೆಯಾಗುವ ಎಂಟೊಂಬತ್ತು ವಾರಗಳು. ದಿನಕ್ಕೆ 500 ಕ್ಯಾಲೊರಿ ತಗ್ಗಿಸಿದರೆ ವಾರಕ್ಕೆ ಸುಮಾರು ಅರ್ಧ ಕಿಲೋ, ಚೌತಿ ಬರುವ ಹೊತ್ತಿಗೆ ನಾಲ್ಕು ಕಿಲೋ. ಇದಕ್ಕೆ ದೀರ್ಘ ಓಟ ಬೇಡ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಕರಾವಳಿಯ ಜಡಿಮಳೆಯಲ್ಲಿ ಅದು ಸಾಧ್ಯವೂ ಇಲ್ಲ. ಮಳೆ ಬಿಟ್ಟಾಗ ಅರ್ಧ ಗಂಟೆಯ ಓಟ, ಬಿಡದಿದ್ದರೆ ಜಗಲಿಯಲ್ಲೇ ಬಸ್ಕಿ, ದಂಡ ಸಾಕು. ಗದ್ದೆ ನಾಟಿ ಇರುವ ಮನೆಯಲ್ಲಿ ಅದೂ ಬೇಡ.

ಅಕ್ಟೋಬರಿನಿಂದ ಓಟದ ಕಾಲ. ಮಂಗಳೂರು ಮ್ಯಾರಥಾನ್ ನವೆಂಬರಿನಲ್ಲಿ, ಮಣಿಪಾಲದ್ದು ಫೆಬ್ರುವರಿಯಲ್ಲಿ. 2004ರಿಂದ ನಡೆಯುತ್ತಿರುವ ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ. ಕುಂದಾಪುರದ ಕಡೆಯವರಿಗೆ ಮುಂಬೈ ಹೆಚ್ಚು ಅನುಕೂಲ ಎಂದರೂ ತಪ್ಪಲ್ಲ, ಅಲ್ಲಿ ಉಳಿಯಲು ಅಕ್ಕನದೋ ಚಿಕ್ಕಪ್ಪನದೋ ಮನೆ ಇದ್ದೇ ಇರುತ್ತದೆ. ದೇಹ ಒಗ್ಗಿರದವರಿಗೆ ನವೆಂಬರ್ ಅವಸರ, ಫೆಬ್ರುವರಿ ಸರಿಯಾದ ಗುರಿ. ಈ ನಾಲ್ಕು ತಿಂಗಳು ತೂಕ ಇಳಿಸುವ ಮಾತು ಬದಿಗಿಡಬೇಕು, ಇದ್ದ ತೂಕ ಏರದಿದ್ದರೆ ಅದೇ ಗೆಲುವು.

ಇನ್ನು ಭಾನುವಾರದ ಬೆಳಗು. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು 6.50ರ ಸುಮಾರಿಗೆ. ಎಂಟೂವರೆಗೆ ಮನೆ ಸೇರಬೇಕಾದರೆ ಐದಕ್ಕೆ ಹೊರಡಬೇಕು, ಕತ್ತಲಲ್ಲಿ. ಹೆಡ್‌ಲ್ಯಾಂಪ್, ಬೆಳಕಿಗೆ ಹೊಳೆಯುವ ಅಂಗಿ ಕಡ್ಡಾಯ. ಆ ಹೊತ್ತಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳದೂ ರಾತ್ರಿ ಬಸ್ಸುಗಳದೂ ದರ್ಬಾರು, ಡ್ರೈವರ್ ಕಣ್ಣಲ್ಲಿ ನಿದ್ದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ರಸ್ತೆ. ಚಿತ್ರಕ್ಕೆ ಚಂದ, ಕತ್ತಲ ಓಟಕ್ಕಲ್ಲ. ಕುಂದಾಪುರದವರಿಗೆ ಕೋಡಿಯ ದಾರಿ, ಬ್ರಹ್ಮಾವರದವರಿಗೆ ಬಾರ್ಕೂರು, ಹಂಗಾರಕಟ್ಟೆ ಕಡೆಯ ಊರ ರಸ್ತೆಗಳು ವಾಸಿ. ಬೈಂದೂರಿನವರಿಗೆ ಒತ್ತಿನೆಣೆಯ ಏರು ಬೇಕಾದಷ್ಟಿದೆ. ಮರಳಿನ ಮೇಲೆ ಓಡುವವರು ನೀರು ಇಳಿದ ಹೊತ್ತು ನೋಡಿ ಗಟ್ಟಿ ಮರಳಲ್ಲಿ ಓಡಬೇಕು. ದಡದ ಇಳಿಜಾರು ಒಂದೇ ಪಾದಕ್ಕೆ ಭಾರ ಹಾಕುವುದರಿಂದ ಹೋದಷ್ಟೇ ದೂರ ಅದೇ ದಡದಲ್ಲಿ ಹಿಂದೆ ಬರುವುದು ಒಳ್ಳೆಯದು. ಇಲ್ಲಿಯ ಶತ್ರು ಬಿಸಿಲಿಗಿಂತ ತೇವ. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬೆವರಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಉಪ್ಪು ಹಾಕಿದ ಮಜ್ಜಿಗೆ ನೀರು, ಗಂಜಿ ತಿಳಿ ಬಾಟಲಿಗೆ ತುಂಬಿಸಿಕೊಂಡರೆ ಅಂಗಡಿ ಪೊಟ್ಟಣಕ್ಕೆ ದುಡ್ಡು ಸುರಿಯಬೇಕಿಲ್ಲ.

ಓಡಿ ಬಂದ ಮೇಲಿನ ಮೊದಲ ಒಂದು ಗಂಟೆಯಲ್ಲಿ ಏನು ತಿನ್ನುತ್ತಾರೆ ಎಂಬುದರ ಮೇಲೆ ಇಡೀ ಭಾನುವಾರ ನಿಂತಿದೆ. ನಾಲ್ಕು ನೀರ್‌ದೋಸೆ, ಎರಡು ಮೊಟ್ಟೆ ಅಥವಾ ಹಿಂದಿನ ರಾತ್ರಿಯ ಬಂಗುಡೆ ಸಾರು ಹೊಟ್ಟೆಗೆ ಬಿದ್ದರೆ ಮಧ್ಯಾಹ್ನದ ಊಟ ಹಿಡಿತದಲ್ಲಿರುತ್ತದೆ. ಓಡುವವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೊಟೀನ್ ಬೇಕು. 100 ಗ್ರಾಂ ಬಂಗುಡೆಯಲ್ಲಿ ಸಿಗುವುದು ಸುಮಾರು 19 ಗ್ರಾಂ. ಮೀನು ತಿನ್ನದ ಮನೆಗಳಲ್ಲಿ ಹೆಸರುಕಾಳು, ಕಡಲೆ, ಮೊಸರು ಹೆಚ್ಚಬೇಕು. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ನಂಜಿಕೊಂಡರೆ ಬಾಯಿಗೆ ರುಚಿ, ಸ್ನಾಯುವಿಗೆ ಬೇಕಾದ ಪ್ರೊಟೀನ್ ಸಾಲದು. ಮಧ್ಯಾಹ್ನ ಕೋಳಿ ತಾಳ್ಲು ಬಂದರೆ ಎಲ್ಲರ ಜೊತೆ ಕೂತು ಉಣ್ಣುವುದೇ ಸರಿ, ಆ ದಿನ ದೇಹಕ್ಕೆ ಅದು ಬೇಕು. ಲೆಕ್ಕ ತಪ್ಪುವುದು ಸಂಜೆ: ನಾಲ್ಕಕ್ಕೆ ಗೋಳಿಬಜೆ, ಆರಕ್ಕೆ ತ್ರಾಸಿ ಕಡಲ ತೀರದಲ್ಲಿ ಮಕ್ಕಳ ಜೊತೆ ಚುರುಮುರಿ, ಬರುವಾಗ ಗಡ್‌ಬಡ್ ಐಸ್‌ಕ್ರೀಮ್. ಮೂರರಲ್ಲಿ ಒಂದನ್ನು ಆರಿಸಿಕೊಂಡರೆ ಯಾರ ಮುಖವೂ ಸಪ್ಪಗಾಗುವುದಿಲ್ಲ.

ಮನೆಯೊಳಗಿನ ನ್ಯಾಯದ ಪ್ರಶ್ನೆಯನ್ನು ತರಬೇತಿಯ ಪುಸ್ತಕಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಗಂಡ ಓಡಿ ಬರುವಷ್ಟರಲ್ಲಿ ದೋಸೆ ಹುಯ್ದಿಟ್ಟವರು ಯಾರು, ಮಕ್ಕಳನ್ನು ಎಬ್ಬಿಸಿ ಮೀಯಿಸಿದವರು ಯಾರು? ಓಡುವವರು ಹೆಂಡತಿಯಾದರೆ ಐದಕ್ಕೆ ಹೊರಡುವ ಮೊದಲೇ ಅಕ್ಕಿ ಅರೆದಿಟ್ಟಿರಬೇಕೆಂಬ ನಿರೀಕ್ಷೆ ಬೇರೆ. ತೆಗೆದುಕೊಂಡ ಮೂರು ಗಂಟೆಯನ್ನು ಅದೇ ವಾರದಲ್ಲಿ ಹಿಂದೆ ಕೊಡುವುದು ಇದಕ್ಕಿರುವ ಒಂದೇ ಪರಿಹಾರ: ಶನಿವಾರ ಸಂಜೆ ಮಕ್ಕಳ ಹೊಣೆ, ಭಾನುವಾರ ಮೀನು ತಂದು ಸೋಸುವ ಕೆಲಸ, ಊಟದ ನಂತರದ ಪಾತ್ರೆ. ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರ ರಜೆ, ದೀರ್ಘ ಓಟವನ್ನು ಅಂದಿಗೇ ಸರಿಸಬಹುದು. ಸೈಕಲ್ ತುಳಿಯುವ ವಯಸ್ಸಿನ ಮಗ ಅಥವಾ ಮಗಳು ಬೆಳಕು ಹರಿದ ಮೇಲೆ ಕೊನೆಯ ಐದು ಕಿ.ಮೀ.ಗೆ ನೀರಿನ ಬಾಟಲಿ ಹಿಡಿದು ಜೊತೆಯಾದರೆ ಆ ಹೊತ್ತು ಮನೆಯ ಲೆಕ್ಕಕ್ಕೂ ಸೇರುತ್ತದೆ.

ಕೆಲವು ಭಾನುವಾರಗಳನ್ನು ಬಿಟ್ಟೇ ಬಿಡಬೇಕು. ಯಕ್ಷಗಾನದ ಹರಕೆಯಾಟ ನೋಡಿ ಬೆಳಗು ಮಾಡಿದವರು ಅದೇ ಕಣ್ಣಲ್ಲಿ 25 ಕಿ.ಮೀ.ಗೆ ಹೊರಟರೆ ಗಾಯವಾಗುವ ಸಂಭವ ಹೆಚ್ಚು, ನಿದ್ದೆಗೆಟ್ಟ ಮೈಗೆ ಹಸಿವೂ ಹೆಚ್ಚು. ಮಧ್ಯರಾತ್ರಿಗೆ ಮುಗಿಯುವ ಕಾಲಮಿತಿಯ ಆಟವಾದರೆ ಓಟವನ್ನು ಸಂಜೆಗೆ ಹಾಕಬಹುದು. ಕೋಟೇಶ್ವರದ ಕೋಡಿ ಹಬ್ಬ, ಮನೆಯ ನಾಗದರ್ಶನ, ತಂಗಿಯ ಮದುವೆ ಬರುವ ವಾರಗಳನ್ನು ಅಕ್ಟೋಬರಿನಲ್ಲೇ ಗುರುತಿಸಿ, ಮೂರು ವಾರ ಏರಿಸಿ ಒಂದು ವಾರ ಇಳಿಸುವ ಕ್ರಮದಲ್ಲಿ ಅವನ್ನೇ ಇಳಿಸುವ ವಾರಗಳಾಗಿ ಹೊಂದಿಸುವುದು ಜಾಣತನ. ಹದಿನೆಂಟರಲ್ಲಿ ಎರಡು ದೀರ್ಘ ಓಟ ತಪ್ಪಿದರೆ ಮ್ಯಾರಥಾನ್ ಕೈತಪ್ಪುವುದಿಲ್ಲ. ವಾರದ ದಿನಗಳಲ್ಲಿ ಪುರಸೊತ್ತೇ ಇಲ್ಲದವರಿಗೂ ಸಮಾಧಾನದ ಸುದ್ದಿಯಿದೆ. ಬ್ರಿಟನ್ನಿನ ಸುಮಾರು 90,000 ಜನರ ಮಾಹಿತಿ ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಯಾಮದ ಬಹುಪಾಲನ್ನು ಒಂದೆರಡು ದಿನಗಳಲ್ಲೇ ಮುಗಿಸುವವರಿಗೂ ಹೃದ್ರೋಗದ ಅಪಾಯ ಹೆಚ್ಚುಕಡಿಮೆ ದಿನವೂ ಮಾಡುವವರಷ್ಟೇ ತಗ್ಗಿದ್ದು ಕಂಡಿತು. ಹೃದಯದ ಮಟ್ಟಿಗೆ ಇದು ಸರಿ. ಆದರೆ 42 ಕಿ.ಮೀ.ಗೆ ಬೇಕಾದ ಸ್ನಾಯುರಜ್ಜು ಎರಡೇ ದಿನದ ಓಟದಲ್ಲಿ ಗಟ್ಟಿಯಾಗುವುದಿಲ್ಲ. ಅಂಥವರಿಗೆ 10 ಕಿ.ಮೀ., ಹೆಚ್ಚೆಂದರೆ 21 ಕಿ.ಮೀ. ಓಟ ಸಾಕು.

ಸ್ಪರ್ಧೆಗೆ ಮೊದಲಿನ ಎರಡು-ಮೂರು ವಾರ ಓಟ ತಗ್ಗುತ್ತದೆ, ಭಾನುವಾರ ಮನೆಗೆ ಮರಳುತ್ತದೆ. ಸ್ಪರ್ಧೆಯ ಮರುವಾರದಿಂದ ಇನ್ನೊಂದು ಗಂಡಾಂತರ: ಓಟ ನಿಂತಿರುತ್ತದೆ, ಓಟಗಾರರ ಹಸಿವು ನಿಂತಿರುವುದಿಲ್ಲ. ಮಾರ್ಚ್ ಕಳೆದರೆ ಮದುವೆ ಕಾಲ, ಬಾಳೆಲೆಯ ಮೇಲೆ ಹೋಳಿಗೆ, ಪಾಯಸ. ಆಗ ವಾರಕ್ಕೆ ಮೂರು ದಿನ, ಸೆಖೆ ಏರುವ ಮೊದಲು ನಲವತ್ತು ನಿಮಿಷ ಓಡುತ್ತ, ತಿಂಗಳಿಗೆರಡು ಸಲ ತಕ್ಕಡಿ ಹತ್ತಿದರೆ ಮಳೆಗಾಲದಲ್ಲಿ ಇಳಿಸಿದ್ದರಲ್ಲಿ ಬಹುಪಾಲು ಉಳಿಯುತ್ತದೆ.