ಹೊರಗೆ ಕರಕಲು, ಒಳಗೆ ಹಸಿ: ಮಾಂಸಕ್ಕೂ ಬೇಕು ಥರ್ಮಾಮೀಟರ್

ಬೇಸಿಗೆಯ ಒಂದು ಮಂಗಳವಾರ ಬೆಳಿಗ್ಗೆ ವಾಡಿ ಕಡೆಯ ಒಂದೇ ಮನೆಯ ನಾಲ್ವರು ನನ್ನ ದವಾಖಾನೆಗೆ ಬಂದರು. ತಂದೆ, ಇಬ್ಬರು ಮಕ್ಕಳು ಮತ್ತು ಅಜ್ಜಿ. ಎಲ್ಲರಿಗೂ ಜ್ವರ, ಹೊಟ್ಟೆನುಲಿತ, ವಾಂತಿ-ಭೇದಿ. ಭಾನುವಾರ ರಾತ್ರಿ ಮಾಳಿಗೆಯ ಮೇಲೆ ಇದ್ದಿಲ ಒಲೆ ಹಚ್ಚಿ, ಮಸಾಲೆ ಸವರಿದ ಕೋಳಿಯ ತೊಡೆಗಳನ್ನು ಸುಟ್ಟು ತಿಂದಿದ್ದರಂತೆ. ಅಂದು ಬರೀ ಮೊಸರನ್ನ ಉಂಡಿದ್ದ ಮನೆಯ ಸೊಸೆಗೆ ಮಾತ್ರ ಏನೂ ಆಗಿರಲಿಲ್ಲ. ತಂದೆ ಮತ್ತು ಮಕ್ಕಳು ಮೂರ್ನಾಲ್ಕು ದಿನಗಳಲ್ಲಿ ಚೇತರಿಸಿಕೊಂಡರು. ಸಕ್ಕರೆ ಕಾಯಿಲೆಯಿದ್ದ ಅಜ್ಜಿಯನ್ನು ಕಲಬುರಗಿಗೆ ಕಳಿಸಿ ಸಲೈನ್ ಕೊಡಿಸಬೇಕಾಯಿತು.

'ಸರ್, ಮ್ಯಾಲೆಲ್ಲಾ ಕರ್ರಗ ಆಗಿತ್ರೀ. ಒಳಗ ಹಸಿ ಐತೆಂತ ಹೆಂಗ ತಿಳೀಬೇಕ್ರೀ?' ಎಂದು ಆ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಈ ವಾರದ ಲೇಖನ ಅದಕ್ಕೆ ಉತ್ತರ.

ಕಣ್ಣು ಏಕೆ ಮೋಸ ಹೋಗುತ್ತದೆ?

ನಮ್ಮ ಕಡೆಯವರಿಗೆ ಶಹಾಬಾದ್ ಕಲ್ಲಿನ ಹಾಸು ಗೊತ್ತೇ ಇದೆ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟರೆ ಅಂಗಾಲು ಸುಡುತ್ತದೆ. ಅದೇ ಕಲ್ಲನ್ನು ಎತ್ತಿ ಅಡಿಭಾಗ ಮುಟ್ಟಿ ನೋಡಿ, ತಣ್ಣಗಿರುತ್ತದೆ. ಕೆಂಡದ ಮೇಲಿನ ಮಾಂಸದ ಕಥೆಯೂ ಇದೇ. ಹೊರಮೈ ನೂರಾರು ಡಿಗ್ರಿ ಶಾಖಕ್ಕೆ ಕೆಲವೇ ನಿಮಿಷಗಳಲ್ಲಿ ಕಪ್ಪಾಗುತ್ತದೆ. ಶಾಖ ಎಲುಬಿನ ತನಕ ಇಳಿಯಲು ಬಹಳ ಹೊತ್ತು ಬೇಕು. ಸಾರಿನಲ್ಲಿ ಕುದಿಸಿದ ಮಾಂಸಕ್ಕೆ ಈ ತೊಂದರೆ ಕಡಿಮೆ, ಏಕೆಂದರೆ ಅಲ್ಲಿ ಕುದಿಯುವ ನೀರು ತುಂಡನ್ನು ಸುತ್ತಲಿಂದ ಬಹು ಹೊತ್ತು ಬೇಯಿಸುತ್ತದೆ.

ಬಣ್ಣವನ್ನೂ ನಂಬುವಂತಿಲ್ಲ. ಖಾರದ ಪುಡಿ, ಅರಿಸಿನ ಬೆರೆತ ಮಾಂಸದಲ್ಲಿ ಹಸಿಗೆಂಪು ಯಾವುದು, ಮಸಾಲೆಗೆಂಪು ಯಾವುದು ಎಂದು ಹೇಳುವುದು ಕಷ್ಟ. ಎಳೆಯ ಕೋಳಿಯಲ್ಲಿ ಎಲುಬಿನ ಮಜ್ಜೆಯ ಬಣ್ಣ ಸೋರಿ, ಪೂರ್ತಿ ಬೆಂದ ಮೇಲೂ ಎಲುಬಿನ ಹತ್ತಿರ ಕೆಂಪು ಉಳಿಯಬಹುದು. ಕೈಮಾದಲ್ಲಿ ಇದಕ್ಕೆ ವಿರುದ್ಧ: ರೋಗಾಣು ಸಾಯುವ ಮೊದಲೇ ಅದು ಕಂದು ಬಣ್ಣಕ್ಕೆ ತಿರುಗಬಹುದು. ಹಣೆ ಮುಟ್ಟಿ ಜ್ವರ ಎಷ್ಟೆಂದು ಹೇಳಲಾಗದು. ಹಾಗೆಯೇ ಬಣ್ಣ ನೋಡಿ ಬೆಂದಿದೆ ಎನ್ನಲಾಗದು.

ನೆನಪಿಡಬೇಕಾದ ಅಂಕಿ

ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಹಸಿ ಕೋಳಿಯಲ್ಲಿ ಸಾಮಾನ್ಯವಾಗಿ ಇರುತ್ತವೆ. ಇವನ್ನು ಕೊಲ್ಲಲು ಕೋಳಿಮಾಂಸದ ನಡುಭಾಗ 74 ಡಿಗ್ರಿ ಸೆಲ್ಸಿಯಸ್ (165 ಡಿಗ್ರಿ ಫ್ಯಾರನ್‌ಹೀಟ್) ಮುಟ್ಟಬೇಕು. ಕುರಿ-ಮೇಕೆಯ ಕೈಮಾಕ್ಕೆ 71 ಡಿಗ್ರಿ. ಇಡೀ ತುಂಡಿನಲ್ಲಿ ರೋಗಾಣು ಬಹುಮಟ್ಟಿಗೆ ಹೊರಮೈಯಲ್ಲಿರುತ್ತದೆ. ಕತ್ತರಿಸಿ ಅರೆದಾಗ ಅದು ಒಳಗೂ ಬೆರೆತುಹೋಗುವುದರಿಂದ ಸೀಖ್ ಕಬಾಬ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಇಷ್ಟೆಲ್ಲ ನೆನಪಿಡುವುದು ಕಷ್ಟವೆಂದರೆ, ಮನೆಯವರು ಯಾವ ಮಾಂಸಕ್ಕಾದರೂ 75 ಎಂಬ ಒಂದೇ ಅಂಕಿಯನ್ನು ನೆನಪಿಟ್ಟರೆ ಸಾಕು.

ಯಾವ ಥರ್ಮಾಮೀಟರ್ ಬೇಡ?

ಜ್ವರ ನೋಡುವ ಗಾಜಿನ ಥರ್ಮಾಮೀಟರನ್ನು ಎಂದೂ ಮಾಂಸಕ್ಕೆ ಚುಚ್ಚಬೇಡಿ. ಅದರ ಅಳತೆ ಮುಗಿಯುವುದೇ 42 ಡಿಗ್ರಿಗೆ. ಹೆಚ್ಚಿನ ಶಾಖಕ್ಕೆ ಅದು ಒಡೆದು, ಗಾಜು ಮತ್ತು ಪಾದರಸ ಎರಡೂ ಊಟಕ್ಕೆ ಬೀಳುತ್ತವೆ.

ಎರಡನೆಯದು 2020ರ ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ, ಹಣೆಗೆ ಹಿಡಿಯುವ ಪಿಸ್ತೂಲಿನಂಥ ಉಪಕರಣ. ಇದು ಮೈಶಾಖದ ಅಳತೆಗೆ ಮಾತ್ರ ಮಾಡಿದ್ದು. ಕಾರ್ಖಾನೆಗಳಲ್ಲಿ ಬಳಸುವ ಇದೇ ಜಾತಿಯ ಉಪಕರಣ ನೂರಾರು ಡಿಗ್ರಿ ಅಳೆಯುವುದು ನಿಜ. ಆದರೆ ಅದು ನೋಡುವುದು ಹೊರಮೈಯನ್ನಷ್ಟೇ, ಅಂದರೆ ಹಾಸುಗಲ್ಲಿನ ಮೇಲ್ಭಾಗವನ್ನು. ನಮಗೆ ಬೇಕಾದದ್ದು ಒಳಗಿನ ಶಾಖ.

ಯಾವುದನ್ನು ಕೊಳ್ಳಬೇಕು?

ಗಡಿಯಾರದಂತೆ ಮುಳ್ಳು ತಿರುಗುವ ಡಯಲ್ ಥರ್ಮಾಮೀಟರ್ ಅಗ್ಗ, ಸೆಲ್ ಬೇಕಿಲ್ಲ. ಆದರೆ ಶಾಖ ಗ್ರಹಿಸುವ ಭಾಗ ಅದರ ಕಡ್ಡಿಯಲ್ಲಿ ಸುಮಾರು 5 ಸೆಂಟಿಮೀಟರ್ ಉದ್ದಕ್ಕೆ ಹರಡಿರುತ್ತದೆ. ಅಷ್ಟು ಆಳ ಹೋಗದಿದ್ದರೆ ಅಂಕಿ ತಪ್ಪು. ಕುರಿಯ ಇಡೀ ತೊಡೆಗೆ ಅದು ಆದೀತು, ಕಬಾಬಿಗೆ ಆಗದು. ಮನೆಗೆ ಸೂಕ್ತವಾದುದು ತೆಳ್ಳನೆಯ ಉಕ್ಕಿನ ಕಡ್ಡಿಯಿರುವ ಡಿಜಿಟಲ್ ಥರ್ಮಾಮೀಟರ್. ಇದರ ತುದಿಯೇ ಶಾಖವನ್ನು ಗ್ರಹಿಸುತ್ತದೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ ಇವನ್ನು ಗಮನಿಸಿ:

1. ಅಳತೆಯ ವ್ಯತ್ಯಾಸ ಒಂದು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿಲ್ಲವೆಂದು ಪೊಟ್ಟಣದ ಮೇಲೆ ಬರೆದಿರಬೇಕು.

2. ಹತ್ತು ಸೆಕೆಂಡಿನೊಳಗೆ ಅಂಕಿ ನಿಲ್ಲಬೇಕು. ಕೆಂಡದ ಮೇಲೆ ಹೆಚ್ಚು ಹೊತ್ತು ಕೈಯಿಡಲಾಗದು.

3. ಕಡ್ಡಿಯ ತುದಿ ತೆಳ್ಳಗಿರಬೇಕು. ದಪ್ಪ ಕಡ್ಡಿ ಕಬಾಬನ್ನು ಸೀಳಿಬಿಡುತ್ತದೆ.

4. ಅಂಕಿ ದೊಡ್ಡದಾಗಿ, ಮಾಳಿಗೆಯ ಮಂದ ಬೆಳಕಿನಲ್ಲೂ ಕಾಣುವಂತಿರಬೇಕು. ಸೆಲ್ಸಿಯಸ್‌ನಲ್ಲಿದೆಯೋ ಫ್ಯಾರನ್‌ಹೀಟ್‌ನಲ್ಲಿದೆಯೋ ಎಂದು ಪ್ರತಿಸಲ ನೋಡಿಕೊಳ್ಳಬೇಕು. ಫ್ಯಾರನ್‌ಹೀಟ್‌ನ 75 ಎಂದರೆ ಹಸಿಮಾಂಸವೇ ಸರಿ.

5. ಸೆಲ್ ಇಡುವ ಮುಚ್ಚಳಕ್ಕೆ ಸ್ಕ್ರೂ ಇರಲಿ. ಗುಂಡಿಯಂಥ ಸೆಲ್ ನುಂಗಿದ ಮಗುವಿನ ಅನ್ನನಾಳ ಎರಡೇ ಗಂಟೆಯಲ್ಲಿ ಸುಟ್ಟು ಗಾಯವಾಗಬಹುದು.

ಮೊದಲು ಅದನ್ನೇ ಪರೀಕ್ಷಿಸಿ

ಬೆಲೆ ಹೆಚ್ಚೆಂದ ಮಾತ್ರಕ್ಕೆ ನಂಬಬೇಡಿ. ಒಂದು ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ ಹಾಕಿ, ಸಂದು ತುಂಬುವಷ್ಟೇ ತಣ್ಣೀರು ಬಿಡಿ. ಚೆನ್ನಾಗಿ ಕಲಕಿ ಒಂದೆರಡು ನಿಮಿಷ ಬಿಟ್ಟು, ಕಡ್ಡಿಯನ್ನು ತಳಕ್ಕೆ ತಾಗದಂತೆ ನಡುವೆ ಹಿಡಿಯಿರಿ. ಸೊನ್ನೆ, ಅಥವಾ ಒಂದು ಡಿಗ್ರಿ ಆಚೀಚೆ ತೋರಿಸಿದರೆ ಸರಿ.

ಕುದಿಯುವ ನೀರಿನಲ್ಲೂ ನೋಡಬಹುದು. ಆದರೆ ನಮ್ಮಲ್ಲಿ 100 ಬರಲಿಲ್ಲವೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗಬೇಡಿ. ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದಲ್ಲಿ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ನಮ್ಮ ಬಯಲು ಸಮುದ್ರಮಟ್ಟಕ್ಕಿಂತ ಸುಮಾರು 400-450 ಮೀಟರ್ ಮೇಲಿರುವುದರಿಂದ 98ರಿಂದ 99ರ ನಡುವೆ ತೋರಿಸಿದರೆ ಉಪಕರಣ ಸರಿಯಾಗಿದೆ ಎಂದರ್ಥ. ಈ ಪರೀಕ್ಷೆಯನ್ನು ಆಗಾಗ, ವಿಶೇಷವಾಗಿ ಕೈಜಾರಿ ಬಿದ್ದ ಮೇಲೆ, ಮಾಡಬೇಕು.

ಚುಚ್ಚುವ ಕ್ರಮ

ಕೋಳಿಯಾದರೆ ತೊಡೆಯ ಅತಿ ದಪ್ಪ ಭಾಗಕ್ಕೆ, ಎಲುಬಿಗೆ ತಾಗದಂತೆ ಚುಚ್ಚಿ. ಸೀಖ್ ಕಬಾಬಿಗೆ ಒಂದು ತುದಿಯಿಂದ ಉದ್ದಕ್ಕೆ ತೂರಿಸಿ. ಕಬ್ಬಿಣದ ಸಲಾಕೆ ಮಾಂಸಕ್ಕಿಂತ ಬಿಸಿಯಾಗಿರುವುದರಿಂದ ಅದಕ್ಕೆ ತಾಗಿದರೆ ಅಂಕಿ ಸುಳ್ಳಾಗುತ್ತದೆ. ಒಲೆಯ ನಡುವಿನ ತುಂಡು ಬೆಂದಿದ್ದರೂ ಅಂಚಿನದು ಬೆಂದಿರದು, ಆದ್ದರಿಂದ ಮೂರ್ನಾಲ್ಕು ಕಡೆ ನೋಡಿ. ಅರೆಬೆಂದ ಮಾಂಸಕ್ಕೆ ಚುಚ್ಚಿದ ಕಡ್ಡಿಯನ್ನು ಸಾಬೂನು ನೀರಿನಲ್ಲಿ ತೊಳೆಯದೆ ಇನ್ನೊಂದಕ್ಕೆ ಚುಚ್ಚಬಾರದು. ಹಸಿ ಮಾಂಸ ತಂದ ತಟ್ಟೆಯಲ್ಲೇ ಬೆಂದದ್ದನ್ನು ಬಡಿಸುವುದೂ ಅಷ್ಟೇ ತಪ್ಪು.

ಮುಚ್ಚಿದ ಡ್ರಮ್ಮಿನಲ್ಲಿ ಗಂಟೆಗಟ್ಟಲೆ ಹೊಗೆಯಲ್ಲಿ ಬೇಯಿಸುವವರು ಮುಚ್ಚಳದ ಮೇಲಿನ ಮುಳ್ಳನ್ನು ನೋಡಿ ಸಮಾಧಾನಪಡಬಾರದು. ಅದು ಹೇಳುವುದು ಒಳಗಿನ ಗಾಳಿಯ ಶಾಖವನ್ನು, ಮಾಂಸದ ಶಾಖವನ್ನಲ್ಲ. ಇನ್ನು ಕೆಂಡದ ಮೇಲೆ ತುಪ್ಪ ಬಿಟ್ಟು ಪಾತ್ರೆ ಮುಚ್ಚಿ ಕೊಡುವ ಹೊಗೆ ಪರಿಮಳಕ್ಕೆ ಮಾತ್ರ. ಅದರಿಂದ ಮಾಂಸ ಬೇಯುವುದಿಲ್ಲ.

ಥರ್ಮಾಮೀಟರ್ ಮಾಡಲಾಗದ ಕೆಲಸ

5ರಿಂದ 60 ಡಿಗ್ರಿಗಳ ನಡುವೆ ರೋಗಾಣುಗಳು ಬೆಳೆಯುತ್ತವೆ. ಅನುಕೂಲವಾದ ಶಾಖದಲ್ಲಿ ಕೆಲವು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಮಾಂಸವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂಬುದು ಸಾಮಾನ್ಯ ನಿಯಮ. ಹವೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ನಮ್ಮ ಬೇಸಿಗೆಯಲ್ಲಿ ಸಂಜೆಯಾದರೂ ಅಷ್ಟು ಸೆಕೆ ಇದ್ದೇ ಇರುತ್ತದೆ. ಮಸಾಲೆ ಕಲಸಿದ ಮಾಂಸವನ್ನು ಫ್ರಿಜ್ಜಿನಲ್ಲೇ ಇಡಿ. ಕರೆಂಟು ಹೋಗಿ ನಾಲ್ಕು ಗಂಟೆ ದಾಟಿದರೆ ಅದರ ಆಸೆ ಬಿಡಿ. ಸ್ಟೆಫಿಲೊಕಾಕಸ್ ಎಂಬ ರೋಗಾಣು ಉಗುಳಿದ ವಿಷ ಬೇಯಿಸಿದರೂ ನಾಶವಾಗದು. ಅಂಥ ಮಾಂಸದಲ್ಲಿ 75 ತೋರಿಸಿದರೂ ಪ್ರಯೋಜನವಿಲ್ಲ.

ಕಾಯಿಲೆ ಬಿದ್ದರೆ

ವಾಂತಿ-ಭೇದಿ ಆರಂಭವಾದ ಕೂಡಲೇ ಓ.ಆರ್.ಎಸ್. ಕುಡಿಸಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಭೇದಿ ನಿಲ್ಲಿಸುವ ಗುಳಿಗೆಯನ್ನು ನೀವಾಗಿಯೇ ಕೊಳ್ಳಬೇಡಿ. ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರು, ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚು.

ಆ ಅಜ್ಜಿ ಗುಣವಾಗಿ ಮನೆಗೆ ಮರಳಿದರು. ಮುಂದೊಂದು ದಿನ ರಕ್ತದೊತ್ತಡ ತೋರಿಸಲು ಬಂದಾಗ, 'ಈಗ ಮಗ ಕೋಳಿಗೂ ಜ್ವರ ನೋಡಿನೇ ಬಡಸ್ತಾನ್ರೀ' ಎಂದು ನಕ್ಕರು. ಬಡಿಸುವ ಮೊದಲು ಹತ್ತು ಸೆಕೆಂಡು ಕಾಯುವ ಈ ಅಭ್ಯಾಸ ನಿಮ್ಮ ಮಾಳಿಗೆಗೂ ಬರಲಿ.